ನಾಗರಿಯಲ್ಲಿ ಬರೆಯತಕ್ಕದ್ದು

ಸೊನ್ನೆಯನ್ನು ಸಂಸ್ಕೃತದ ಅಧ್ಯಾಪಕರು ಪೆನ್ಸಿಲಿನಲ್ಲಿ ಬರೆದಿದ್ದರು. ಉಳಿದವರ ಉತ್ತರಪತ್ರಿಕೆಗಳಲ್ಲಿ ಅಂಕಗಳು ಕೆಂಪು ಶಾಯಿಯಲ್ಲಿದ್ದವು. ನನ್ನದರಲ್ಲಿ ಮಾತ್ರ, ಮೇಲಿನ ಬಲಮೂಲೆಯಲ್ಲಿ, ಹಗುರವಾಗಿ ಎಳೆದ ಪೆನ್ಸಿಲಿನ ವೃತ್ತ. ಅದರ ಬಾಯಿ ಪೂರ್ತಿ ಮುಚ್ಚಿರಲಿಲ್ಲ. ಒಳಗೆ ತಿರುವಿದೆ. ಎಲ್ಲಿಯೂ ತಪ್ಪಿನ ಗುರುತಿಲ್ಲ. ಎರಡನೆಯ ಪುಟದ ನಡುವೆ ಒಂದು ಸಾಲಿನ ಕೆಳಗೆ ಅದೇ ಪೆನ್ಸಿಲಿನಿಂದ ಗೀಟು ಹಾಕಿ, 'ಇಲ್ಲಿಂದ' ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು.

ಇಲ್ಲಿಂದ ಏನು ಎಂದು ನನಗೆ ಕೂಡಲೇ ತಿಳಿಯಲಿಲ್ಲ. ಇನ್ನೊಮ್ಮೆ ನೋಡಿದಾಗ ತಿಳಿಯಿತು. ಆ ಸಾಲಿನವರೆಗೆ ನಾನು ಸಂಸ್ಕೃತವನ್ನು ನಾಗರಿ ಲಿಪಿಯಲ್ಲಿ ಬರೆದಿದ್ದೆ. ಅಲ್ಲಿಂದ ಕೊನೆಯವರೆಗೂ ಕನ್ನಡ ಲಿಪಿಯಲ್ಲಿ ಬರೆದಿದ್ದೆ. ಬರೆಯುವಾಗ ನನಗೆ ಅದು ಗೊತ್ತೇ ಆಗಿರಲಿಲ್ಲ.

ಅದು ಅರ್ಧವಾರ್ಷಿಕ ಪರೀಕ್ಷೆ. ಅಲ್ಲಿಯವರೆಗೆ ಬಂದ ದಾರಿಯನ್ನು ಸ್ವಲ್ಪ ಹೇಳಬೇಕು.

ಬಿ.ಎ.ಯ ಮೊದಲ ವರ್ಷವನ್ನು ನಾನು ಮಂಗಳೂರಿನಲ್ಲಿ ಅಕ್ಕ ಭಾವಂದಿರ ಮನೆಯಲ್ಲಿದ್ದು ಓದಿದ್ದೆ. ಕಾಸರಗೋಡು ಕೇರಳಕ್ಕೆ ಸೇರಿದ ಮರುವರ್ಷ ಭಾವನಿಗೆ ಮುಂಬಯಿಗೆ ವರ್ಗವಾಯಿತು. ಹಾಸ್ಟೆಲಿಗೆ ಅಪ್ಪ ಒಪ್ಪಲಿಲ್ಲ. ಅದೇ ಹೊತ್ತಿಗೆ ನಮ್ಮ ಕಡೆ ಹೊಸದಾಗಿ ಒಂದು ಕಾಲೇಜು ತೆರೆದಿತ್ತು. ನಾಯ್ಮಾರ್ಮೂಲೆಯ ನಮ್ಮ ಮನೆಯಿಂದ ಪದವು ಎಂಬ ಬೋಳುಗುಡ್ಡದ ಮೇಲೆ, ಕೆಂಪು ಮುರಕಲ್ಲು ಕಡಿದ ಗುಂಡಿಗಳ ಪಕ್ಕದಲ್ಲಿ ನಡೆದು ಹೋಗುವಷ್ಟು ಹತ್ತಿರ. ಅಪ್ಪ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟವರು. ಹುಡುಗರೂ ಕೂತು ಓದುವ ಕಾಲೇಜಿಗೆ ಮಗಳನ್ನು ಕಳುಹಿಸುತ್ತೀರಾ ಎಂದು ಅಂಗಡಿಗೆ ಬಂದವರೆಲ್ಲ ಕೇಳುತ್ತಿದ್ದರು. ಅಪ್ಪ ನನ್ನ ಹತ್ತಿರ ಒಂದೇ ಮಾತು ಹೇಳಿದರು.

"ಒಂದು ಸಲ ನೋಡುವ. ಪಾಸಾದ್ರೆ ಮುಂದೆ ಓದು. ಇಲ್ಲದಿದ್ರೆ ಎರಡನೇ ಸಲ ಪರೀಕ್ಷೆ ಅಂತ ನನ್ನತ್ರ ಕೇಳ್ಬೇಡ."

ಅವರು ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಿನಿಂದ ಹೇಳಿದ್ದರೆ ಬದಲಾಗುವ ಸಾಧ್ಯತೆ ಇರುತ್ತಿತ್ತು.

ಕಾಲೇಜಿನ ಹೆಡ್ ಕ್ಲಾರ್ಕ್ ನನ್ನ ಕಾಗದಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದರು.

"ಇಂಗ್ಲಿಷ್ ಆಯ್ತು. ಚರಿತ್ರೆ ಆಯ್ತು. ಸೆಕೆಂಡ್ ಲ್ಯಾಂಗ್ವೇಜ್ ಎಂತ?"

"ಸಂಸ್ಕೃತ."

"ಬಚಾವ್! ಕನ್ನಡ ಆಗಿದ್ರೆ ಇಲ್ಲಿ ಮಾಷ್ಟ್ರೇ ಇಲ್ಲ, ಇನ್ನು ಬರ್ಬೇಕಷ್ಟೆ. ಸಂಸ್ಕೃತ ಎಲ್ಲ ಕಡೆಯೂ ಒಂದೇ ಅಲ್ವಾ, ಎಂತ ತೊಂದರೆ ಉಂಟು?"

ನನಗೂ ಹಾಗೆಯೇ ಅನಿಸಿತ್ತು. ಆ ವರ್ಷ ನಮ್ಮ ಊರಿನಲ್ಲಿ ಯಾವ ಭಾಷೆಯ ಹೆಸರೆತ್ತಿದರೂ ಜಗಳವಾಗುತ್ತಿತ್ತು. ಸಂಸ್ಕೃತ ಆ ಜಗಳದ ಹೊರಗಿದೆ, ಅದರ ಹಿಂದೆ ನಿಂತುಕೊಂಡರೆ ನನ್ನನ್ನು ಯಾರೂ ಕಾಣುವುದಿಲ್ಲ ಎಂದು ನಾನು ಭಾವಿಸಿದ್ದೆ.

ಮಳೆ ಕಡಿಮೆಯಾಗುತ್ತಾ ಬಂದಾಗ, ನನ್ನ ಪ್ರವೇಶದ ಅರ್ಜಿಗೆ ಕೇರಳದ ಹೊಸ ವಿಶ್ವವಿದ್ಯಾಲಯದಿಂದ ಉತ್ತರ ಬಂತು. ಹೆಡ್ ಕ್ಲಾರ್ಕ್ ನನ್ನನ್ನು ಕರೆಸಿ ಓದಿ ಹೇಳಿದರು. ನನ್ನ ಪ್ರವೇಶಕ್ಕೆ ಒಪ್ಪಿಗೆ ಇದೆ. ಆದರೆ ಹಿಂದಿನ ವಿಶ್ವವಿದ್ಯಾಲಯದಲ್ಲಿ ಎರಡನೆಯ ಭಾಷೆಯಲ್ಲಿ ಪಾಸಾದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡೂ ವರ್ಷಗಳ ಪಾಠವನ್ನು ಬರುವ ಮಾರ್ಚಿನಲ್ಲಿ ಎರಡು ಪತ್ರಿಕೆಗಳಾಗಿ ಬರೆಯಬೇಕು. ಅದರಲ್ಲಿ ಪಾಸಾಗದೆ ಪದವಿ ಇಲ್ಲ. ಕೊನೆಯ ವಾಕ್ಯವನ್ನು ಅವರು ಎರಡು ಸಲ ಓದಿದರು: ಉತ್ತರಗಳನ್ನು ನಾಗರಿ ಲಿಪಿಯಲ್ಲಿ ಅಥವಾ ಮಲಯಾಳ ಲಿಪಿಯಲ್ಲಿ ಬರೆಯತಕ್ಕದ್ದು.

"ನಿಮಗೆ ನಾಗರಿ ಬರ್ತದಲ್ವಾ?" ಎಂದರು.

ನಮ್ಮ ಕಡೆಯವರಲ್ಲದವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನಾನು ಹೈಸ್ಕೂಲಿನಿಂದ ಸಂಸ್ಕೃತ ಓದಿದ್ದೆ. ಮಂಗಳೂರಿನ ಪಂಡಿತರು ಪಾಠ ಮಾಡಿದ್ದು ಕನ್ನಡ ಲಿಪಿಯ ಪುಸ್ತಕದಿಂದ, ನಾವು ಬರೆದುಕೊಂಡದ್ದು ಕನ್ನಡ ಲಿಪಿಯಲ್ಲಿ. ಪರೀಕ್ಷೆಯಲ್ಲಿಯೂ ಅದಕ್ಕೆ ಅಡ್ಡಿ ಇರಲಿಲ್ಲ. ಶ್ಲೋಕಗಳು ಬಾಯಿಪಾಠವಿದ್ದವು, ಸಮಾಸಗಳನ್ನು ಬಿಡಿಸಬಲ್ಲೆ. ನಾಗರಿಯನ್ನು ಮಾತ್ರ ರೈಲ್ವೆ ಸ್ಟೇಷನ್ನಿನ ಹಲಗೆಯಲ್ಲಿ ಊರಿನ ಹೆಸರು ಹುಡುಕುವಷ್ಟು ಓದುತ್ತಿದ್ದೆ. ಬರೆದವಳೇ ಅಲ್ಲ.

"ಬರ್ತದೆ," ಎಂದೆ. ಬರುವುದಿಲ್ಲ ಎಂದರೆ ಆ ಕಾಗದವನ್ನು ಅವರು ಅಲ್ಲಿಯೇ ಹಿಂದಕ್ಕೆ ಕಳುಹಿಸುತ್ತಾರೇನೋ ಎಂಬ ಭಯ.

ಸಂಸ್ಕೃತದ ಅಧ್ಯಾಪಕರು ತೆಂಕಣದವರು, ಮಲಯಾಳಿ. ಬೋರ್ಡಿನ ಮೇಲೆ ಸಂಸ್ಕೃತವನ್ನು ಮಲಯಾಳ ಲಿಪಿಯಲ್ಲಿಯೇ ಬರೆಯುತ್ತಿದ್ದರು. ಅವರ ಉಚ್ಚಾರದಲ್ಲಿ ತಸ್ಮಾತ್ ಎಂಬುದು ತಸ್ಮಾಲ್ ಆಗುತ್ತಿತ್ತು. ಮೊದಲ ವಾರ, ನನಗೆ ಬಾಯಿಪಾಠವಿದ್ದ ಶ್ಲೋಕಗಳನ್ನೇ ಗುರುತಿಸಲಾರದೆ ಕೂತಿದ್ದೆ. ಸಂಸ್ಕೃತಕ್ಕೆ ಇದ್ದವರೇ ಕೆಲವರು, ಅವರಲ್ಲಿ ಕನ್ನಡದವಳು ನಾನೊಬ್ಬಳೇ. ಲಿಪಿಯ ವಿಷಯವನ್ನು ಅವರಿಗೆ ಹೇಳಿದೆ. ನನಗೆ ಅರ್ಥವಾಗಲೆಂದು ಅವರು ಮಲಯಾಳವನ್ನು ನಿಧಾನವಾಗಿ, ನಡುನಡುವೆ ಇಂಗ್ಲಿಷ್ ಸೇರಿಸಿ ಆಡುತ್ತಿದ್ದರು, ನನ್ನನ್ನು ಕುಟ್ಟೀ, ಎಂದರೆ ಮಗೂ, ಎಂದು ಕರೆಯುತ್ತಿದ್ದರು.

"ಮಲಯಾಳ ಲಿಪಿ ತೆಗೆದುಕೋ ಕುಟ್ಟೀ. ನಿಮ್ಮ ಅಕ್ಷರದ ಹಾಗೆಯೇ ದುಂಡಗೆ. ಕೈಗೆ ಬೇಗ ಬರುತ್ತದೆ. ನಾಗರಿ ನನಗೇ ನಿಧಾನ."

ಅವರು ಹೇಳಿದ್ದು ಸರಿ. ಆದರೆ ನಮ್ಮ ಮನೆಯಲ್ಲಿ ಅಮ್ಮನ ತಮ್ಮ, ನನ್ನ ಮಾವ, ಇದ್ದರು. ಕಾಸರಗೋಡನ್ನು ಕನ್ನಡ ರಾಜ್ಯಕ್ಕೆ ಸೇರಿಸಬೇಕು ಎನ್ನುವವರ ಸಭೆಗಳಲ್ಲಿ ಮಾವ ಮುಂದೆ ನಿಂತು ಮಾತಾಡುವವರು. ಮಲಯಾಳದ ಪುಸ್ತಕವನ್ನು ಆ ಮನೆಯ ಜಗಲಿಯಲ್ಲಿ ತೆರೆದು ಕೂರುವ ಧೈರ್ಯ ನನಗಿರಲಿಲ್ಲ. ಕಷ್ಟದ ಲಿಪಿಯನ್ನು ನಾನು ಆರಿಸಿಕೊಂಡದ್ದು ಹೀಗೆ. ಯೋಚಿಸಿ ಆರಿಸಿದ್ದಲ್ಲ, ಹೆದರಿ ಆರಿಸಿದ್ದು.

ಪೇಟೆಯಲ್ಲಿ ಇಗರ್ಜಿಯ ಹಿಂದಿನ ಓಣಿಯಲ್ಲಿ ಒಬ್ಬರು ಹಿಂದಿ ಕಲಿಸುತ್ತಿದ್ದರು. ಕೊಂಕಣಿ ಮಾತಾಡುವ ಕ್ರೈಸ್ತ ಮನೆತನದ ಹೆಂಗಸು, ಎಲ್ಲರೂ ಕರೆಯುತ್ತಿದ್ದದ್ದು ಹಿಂದಿ ಬಾಯಿ ಎಂದು. ಸಂಜೆ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿ ಹಿಂದಿಯ ಪ್ರಾಥಮಿಕ ಪರೀಕ್ಷೆಗೆ ತಯಾರು ಮಾಡುತ್ತಿದ್ದರು. ನಾನು ಹೋಗಿ ವಿಷಯ ಹೇಳಿದೆ. ಅವರು ಕನ್ನಡಕ ಮೇಲೆ ಸರಿಸಿ ನೋಡಿದರು.

"ಬಿ.ಎ. ಓದುವವಳು. ಸಂಸ್ಕೃತ ಬರ್ತದೆ. ನಾಗರಿ ಬರುದಿಲ್ಲ. ನಮ್ಮ ಪಾದ್ರಿಗೆ ಶಿಲುಬೆ ಹಾಕ್ಲಿಕ್ಕೆ ಬರುದಿಲ್ಲ ಅಂದ ಹಾಗಾಯ್ತು ಮಗಳೇ."

ನಾನು ಚಪ್ಪಲಿ ಬಿಟ್ಟು ಜಗಲಿ ಹತ್ತಿದೆ.

"ಕೂತ್ಕೊ. ಕಾಗದ ಈಗ ಬೇಡ. ಸ್ಲೇಟು ತೆಗೊ."

ಮಕ್ಕಳ ನಡುವೆ ಸ್ಲೇಟು ಹಿಡಿದು ಕೂತೆ. ಪಕ್ಕದಲ್ಲಿದ್ದ ಪುಟ್ಟ ಹುಡುಗಿ ಕತ್ತು ಚಾಚಿ ನನ್ನ ಸ್ಲೇಟು ನೋಡಿ ಕೂಗಿದಳು:

"ಬಾಯೀ, ಕಾಲೇಜಿನ ಅಕ್ಕನ ಖ ಬಿದ್ದು ಹೋಗಿದೆ!"

"ನಿನ್ನ ಮೂಗಿನಿಂದ ಬೀಳುದನ್ನು ಮೊದಲು ಒರೆಸು," ಎಂದರು ಬಾಯಿ.

ಅಕ್ಷರಗಳು ಬೇಗನೆ ಬಂದವು. ಘ ಮತ್ತು ಧ, ಬ ಮತ್ತು ವ, ಮ ಮತ್ತು ಭ ಇವು ಒಂದರ ಬಟ್ಟೆಯನ್ನು ಇನ್ನೊಂದು ಹಾಕಿಕೊಂಡಂತೆ ಇರುತ್ತಿದ್ದವು. ಅದೂ ಅಭ್ಯಾಸವಾಯಿತು. ತೊಂದರೆ ಇದ್ದದ್ದು ಒತ್ತಕ್ಷರದಲ್ಲಿ. ಕನ್ನಡದಲ್ಲಿ ಮೊದಲ ವ್ಯಂಜನವನ್ನು ಪೂರ್ತಿ ಬರೆದು ಎರಡನೆಯದನ್ನು ಕೆಳಗೆ ಇಡುತ್ತೇವೆ. ನಾಗರಿಯಲ್ಲಿ ಮೊದಲನೆಯದೇ ಅರ್ಧವಾಗಬೇಕು. ಎಂದರೆ ಮುಂದೆ ಏನು ಬರುತ್ತದೆ ಎಂಬುದು ಲೇಖನಿ ಕಾಗದಕ್ಕೆ ತಾಗುವ ಮೊದಲೇ ಗೊತ್ತಿರಬೇಕು. ನನ್ನ ಕೈಗೆ ಆ ಮುಂದಾಲೋಚನೆ ಇರಲಿಲ್ಲ. ಅದು ಪೂರ್ತಿ ಅಕ್ಷರ ಬರೆದುಬಿಡುತ್ತಿತ್ತು. ಆಮೇಲೆ ನಾನು ಹೊಡೆದು ಹಾಕಬೇಕು. ಸಂಸ್ಕೃತದಲ್ಲಿ ಎರಡು ಮೂರು ವ್ಯಂಜನಗಳು ಒಂದಕ್ಕೊಂದು ಅಂಟಿಕೊಂಡ ಪದಗಳಿಗೆ ಕೊನೆಯೇ ಇಲ್ಲ. ಬಾಯಿಯ ಹಿಂದಿ ಪುಸ್ತಕದಲ್ಲಿ ಅಂಥವು ಕಡಿಮೆ.

"ಇದು ನಮ್ಮಲ್ಲಿ ಇಲ್ಲ ಮಾರಾಯ್ತಿ," ಎಂದರು ಅವರು, ನಾನು ತೋರಿಸಿದ ಪದವನ್ನು ದೂರ ಹಿಡಿದು ನೋಡಿ. "ಇಷ್ಟು ಅಕ್ಷರ ಒಂದರ ಮೇಲೆ ಒಂದು ಹತ್ತಿ ಕೂತ್ರೆ ಬಸ್ಸಿನಲ್ಲಿಯೂ ಕಂಡಕ್ಟರ್ ಇಳಿಸ್ತಾನೆ."

ಕಾಲೇಜಿನ ಲೈಬ್ರರಿಯಲ್ಲಿ ನಾಗರಿಯಲ್ಲಿ ಅಚ್ಚಾದ ಪಠ್ಯವಿತ್ತು. ಅದನ್ನು ನೋಡಿ ಒಂದೊಂದೇ ಒತ್ತಕ್ಷರವನ್ನು ಬಿಡಿಸಿ ಬರೆದುಕೊಂಡೆ. ಬಾಯಿ ಅವುಗಳ ಕೈಬರಹ ಹೇಗಿರಬಹುದು ಎಂದು ಊಹಿಸಿ ತೋರಿಸುತ್ತಿದ್ದರು. ಹೀಗೆ ಇಬ್ಬರೂ ಸೇರಿ ಒಂದು ದಾರಿ ಮಾಡಿಕೊಂಡೆವು. ಅರ್ಧವಾರ್ಷಿಕದ ಹೊತ್ತಿಗೆ ನಾಗರಿ ಬಂತು ಎಂದೇ ನಾನು ತಿಳಿದಿದ್ದೆ. ಆಗ ಆ ಸೊನ್ನೆ.

ತರಗತಿ ಮುಗಿದ ಮೇಲೆ ಅಧ್ಯಾಪಕರ ಮುಂದೆ ನಿಂತೆ.

"ಪೆನ್ಸಿಲಿನಲ್ಲಿ ಹಾಕಿದ್ದು ಯಾಕೆ ಸಾರ್?"

"ನೀನು ಬರೆದದ್ದು ತಪ್ಪಲ್ಲ. ಅದಕ್ಕೆ ಶಾಯಿ ಹಾಕಲು ಮನಸ್ಸು ಬರಲಿಲ್ಲ. ಆದರೆ ಮಾರ್ಚಿನಲ್ಲಿ ಅವರು ಹಾಕುವುದು ಇದನ್ನೇ, ಶಾಯಿಯಲ್ಲಿ." ಎರಡನೆಯ ಪುಟ ತಿರುವಿ ಕೇಳಿದರು: "ಇಲ್ಲಿಂದ ಯಾಕೆ ಹೀಗಾಯಿತು?"

ಮನೆಗೆ ಬಂದು ಹುಡುಕಿದೆ. ಪೆನ್ಸಿಲಿನ ಗೀಟು ಬಿದ್ದ ಸಾಲು ಒಂದು ಶ್ಲೋಕದ ಮೊದಲ ಸಾಲು. ಹೈಸ್ಕೂಲಿನಲ್ಲಿಯೇ ಕಲಿತದ್ದು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಂಥದ್ದು. ಅರೆಬರೆ ಗೊತ್ತಿದ್ದ ಕಡೆಯಲ್ಲೆಲ್ಲ ಕೈ ಎಚ್ಚರವಾಗಿತ್ತು. ಚೆನ್ನಾಗಿ ಗೊತ್ತಿದ್ದದ್ದು ಸಿಕ್ಕಿದ ಕೂಡಲೇ ಅದು ಹಳೆಯ ದಾರಿ ಹಿಡಿದಿತ್ತು. ಈ ತಿಳಿವಳಿಕೆಯಿಂದ ನನಗೆ ಸಮಾಧಾನವಾಗಲಿಲ್ಲ. ಹೆದರಿಕೆ ಹೆಚ್ಚಾಯಿತು. ಗೊತ್ತಿಲ್ಲದ್ದಕ್ಕೆ ಹೆದರುವುದು ಎಲ್ಲ ವಿದ್ಯಾರ್ಥಿಗಳಿಗೂ ಇದ್ದದ್ದೇ. ನಾನು ಗೊತ್ತಿದ್ದದ್ದಕ್ಕೆ ಹೆದರಬೇಕಾಗಿತ್ತು. ಹೆಚ್ಚು ಓದಿದಷ್ಟೂ ಅಪಾಯ.

ಮಾವನಿಗೆ ಸೊನ್ನೆಯ ವಿಷಯ ಹೇಗೋ ತಿಳಿಯಿತು. ಅಮ್ಮ ಹೇಳಿರಬೇಕು. ಮಧ್ಯಾಹ್ನ ಊಟಕ್ಕೆ ಕೂತವರು ಎಲೆಯ ಮುಂದೆಯೇ ಕೈ ಚಾಚಿದರು. ಮನೆಯಲ್ಲಿ ನಾವು ಆಡುವುದು ತುಳು, ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಆ ಪೇಪರ್ ಕೊಡು."

"ಯಾಕೆ ಮಾವ?"

"ಆದಿತ್ಯವಾರ ಮೀಟಿಂಗ್ ಉಂಟು. ಜನರಿಗೆ ತೋರಿಸ್ತೇನೆ. ಒಂದು ತಪ್ಪಿಲ್ಲ, ಆದ್ರೂ ಕನ್ನಡ ಅಕ್ಷರ ಅಂತ ಸೊನ್ನೆ! ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಒಂದು ಅರ್ಜಿಯೂ ಬರೆಯುವ, ಕನ್ನಡ ಲಿಪಿಗೆ ಅನುಮತಿ ಬೇಕು ಅಂತ. ನಿನ್ನ ಸಹಿ ಮೊದಲು."

"ಉತ್ತರ ಪರೀಕ್ಷೆಯ ಮೊದಲು ಬಾರದಿದ್ರೆ?"

"ಬಾರದಿದ್ರೆ ಕೋರ್ಟಿಗೆ ಹೋಗುವ."

"ಕೋರ್ಟು ತೀರ್ಮಾನ ಮಾಡುವಾಗ ನಾನು ಎಲ್ಲಿರ್ತೇನೆ ಮಾವ?"

ಅಮ್ಮ ಸಾರು ಬಡಿಸುತ್ತಾ, "ಉಣ್ಣುವಾಗ ಕೋರ್ಟು ಕಚೇರಿ ಬೇಡ," ಎಂದರು.

ಮಾವ ನನ್ನ ಮುಖ ನೋಡಿ ನಕ್ಕರು. "ಹೆದರಿಕೆ ನಿನಗೆ."

"ಹೌದು, ಹೆದರಿಕೆಯೇ."

"ನಿನ್ನಂಥವರು ಹೆದರಿ ಹೆದರಿಯೇ ಈ ಗತಿ ಬಂದದ್ದು ನಮಗೆ."

ಮಾವ ಹೇಳಿದ್ದರಲ್ಲಿ ನ್ಯಾಯವಿತ್ತು. ಆ ನಿಯಮ ಸರಿ ಎಂದು ಆಗಲೂ ಅನಿಸಿರಲಿಲ್ಲ, ಈಗಲೂ ಅನಿಸುವುದಿಲ್ಲ. ಆದರೆ ಅರ್ಜಿ ಹೋದರೆ ನನ್ನ ಫಲಿತಾಂಶ ಅರ್ಜಿಯ ಜೊತೆಗೆ ಯಾವುದೋ ಮೇಜಿನ ಮೇಲೆ ಕಾಯುತ್ತದೆ, ಅಪ್ಪ ಕಾಯುವುದಿಲ್ಲ. ಸಭೆಯಲ್ಲಿ ಹಿಡಿದು ತೋರಿಸುವ ಕಾಗದದ ಮೇಲೆ ನನ್ನ ಹೆಸರಿರುತ್ತದೆ. ಮಾವ ಕೈ ತೊಳೆಯಲು ಎದ್ದಾಗ ನಾನು ಒಳಗೆ ಹೋಗಿ ಉತ್ತರಪತ್ರಿಕೆಯನ್ನು ತೆಗೆದು ಬಚ್ಚಲಿನ ಒಲೆಗೆ ಹಾಕಿದೆ. ಹಂಡೆಯ ಕೆಳಗೆ ಕೆಂಡವಿತ್ತು. ಅದು ಸ್ವಲ್ಪ ಹೊತ್ತು ಸುರುಟಿಕೊಂಡು, ಆಮೇಲೆ ಹತ್ತಿಕೊಂಡಿತು. ಮಾವ ಬಾಗಿಲಲ್ಲಿ ನಿಂತು ನೋಡಿದರು. ಪರೀಕ್ಷೆ ಮುಗಿಯುವವರೆಗೆ ನನ್ನೊಡನೆ ಮಾತಾಡಲಿಲ್ಲ.

ಇನ್ನು ನಾಗರಿಯಲ್ಲದೆ ಬೇರೆ ದಾರಿ ಇಲ್ಲ ಎಂದು ಅಂದು ತೀರ್ಮಾನವಾಯಿತು.

ಕನ್ನಡ ಲಿಪಿಯ ನನ್ನ ಪುಸ್ತಕವನ್ನು ಅಮ್ಮನ ಕೈಗೆ ಕೊಟ್ಟು ಅಟ್ಟದ ಪೆಟ್ಟಿಗೆಯಲ್ಲಿ ಇಡಿಸಿದೆ. ಬೆಳಗ್ಗೆ ಎದ್ದು ಮೊದಲ ಕೆಲಸವಾಗಿ, ಚೆನ್ನಾಗಿ ಬರುವ ಶ್ಲೋಕಗಳನ್ನೇ ಆರಿಸಿ ನಾಗರಿಯಲ್ಲಿ ಬರೆಯತೊಡಗಿದೆ. ಬಾಯಲ್ಲಿ ಹೇಳಿಕೊಳ್ಳದೆ ಬರೆಯಬೇಕು, ಹೇಳಿಕೊಂಡರೆ ಕೈ ಓಡುತ್ತಿತ್ತು. ತುಟಿ ಅಲ್ಲಾಡದಂತೆ ಹಲ್ಲಿನ ನಡುವೆ ಸೆರಗಿನ ತುದಿ ಕಚ್ಚಿಕೊಂಡು ಬರೆಯುತ್ತಿದ್ದೆ. ಬರೆದದ್ದನ್ನು ಸಂಜೆ ಹಿಂದಿ ಬಾಯಿಗೆ ತೋರಿಸುತ್ತಿದ್ದೆ. ಅವರಿಗೆ ಅರ್ಥ ತಿಳಿಯುತ್ತಿರಲಿಲ್ಲ, ಅಕ್ಷರವನ್ನು ಮಾತ್ರ ನೋಡುತ್ತಿದ್ದರು. ಅದೇ ನನಗೆ ಬೇಕಾಗಿತ್ತು. ಕನ್ನಡದ ಅಕ್ಷರ ಒಂದೂ ನುಸುಳದ ಪುಟಗಳು ಬರತೊಡಗಿದವು. ಆದರೆ ನಿಧಾನ. ಮೂರು ಗಂಟೆಯ ಪತ್ರಿಕೆಯನ್ನು ಆ ವೇಗದಲ್ಲಿ ಮುಗಿಸಲಾರೆ ಎಂದು ಲೆಕ್ಕ ಹಾಕದೆಯೇ ಗೊತ್ತಾಗುತ್ತಿತ್ತು. ವೇಗ ಹೆಚ್ಚಿಸಿದ ದಿನ ಒಂದೆರಡು ಕನ್ನಡದ ಅಕ್ಷರ ನುಸುಳುತ್ತಿದ್ದವು. ಮಾರ್ಚಿನವರೆಗೂ ನಾನು ಈ ಎರಡರ ನಡುವೆಯೇ ಓಡಾಡಿದೆ. ಊಟ ರುಚಿಸುತ್ತಿರಲಿಲ್ಲ. ಅಮ್ಮ ಕಷಾಯ ಕುದಿಸಿ ಕೊಟ್ಟರು.

ಪರೀಕ್ಷೆಯ ಮೊದಲ ದಿನ ಗದ್ಯ ಮತ್ತು ಕಾವ್ಯ, ಮರುದಿನ ನಾಟಕ ಮತ್ತು ಅಲಂಕಾರ. ಕೇಂದ್ರ ನಮ್ಮ ಕಾಲೇಜೇ. ಮುಖ್ಯ ಮೇಲ್ವಿಚಾರಕರು ಮಾತ್ರ ಹೊರಗಿನವರು, ಎತ್ತರದ, ಬೋಳುತಲೆಯ ಹಿರಿಯರು. ಉತ್ತರಪುಸ್ತಕದ ಹಿಂಬದಿಯಲ್ಲಿ ಅಚ್ಚಾದ ನಿಯಮಗಳನ್ನು ಅವರು ಗಟ್ಟಿಯಾಗಿ ಓದಿ ಹೇಳಿದರು. ಹಾಳೆ ಹರಿಯಬಾರದು. ಬರೆದವರು ಯಾರೆಂದು ತೋರುವ ಯಾವ ಗುರುತನ್ನೂ ಒಳಗೆ ಮಾಡಬಾರದು. ಮಾಡಿದರೆ ಪತ್ರಿಕೆ ರದ್ದು.

ಮೊದಲನೆಯ ಉತ್ತರ ನಿಧಾನವಾಗಿ ಹೋಯಿತು. ಎರಡನೆಯದೂ ಹಾಗೆಯೇ. ಮೂರನೆಯದು ಒಂದು ಪದ್ಯಭಾಗದ ವಿವರಣೆ. ಪ್ರಶ್ನೆ ನೋಡಿದೊಡನೆ ಎದೆ ಹಗುರವಾಯಿತು. ಅಷ್ಟು ತಿಂಗಳಲ್ಲಿ ಮೊದಲ ಬಾರಿಗೆ ನನಗೆ ಸಂತೋಷವಾದದ್ದು ಆಗ. ಪಂಡಿತರು ಅದನ್ನು ಪಾಠ ಮಾಡಿದ ಮಧ್ಯಾಹ್ನ, ಅವರು ಕಣ್ಣು ಮುಚ್ಚಿ ನಿಲ್ಲುತ್ತಿದ್ದ ರೀತಿ, ಎಲ್ಲ ನೆನಪಿಗೆ ಬಂದು, ಲೇಖನಿ ತಾನೇ ಓಡಿತು. ಶಾಯಿ ಮುಗಿದಾಗ ಕೈ ನಿಂತಿತು. ತುಂಬಿಸಿಕೊಂಡು, ಎಲ್ಲಿ ನಿಲ್ಲಿಸಿದ್ದೆ ಎಂದು ನೋಡಿದೆ.

ಪುಟದ ತುಂಬ ಕನ್ನಡ. ಹಾಳೆ ತಿರುವಿದೆ. ಹಿಂದೆಯೂ ಕನ್ನಡ.

ಅಂಗೈಯನ್ನು ಪುಟದ ಮೇಲೆ ಅಗಲಿಸಿ ಇಟ್ಟೆ, ಯಾರೂ ನೋಡದ ಹಾಗೆ. ಸೊನ್ನೆ ಈಗ ಸಣ್ಣ ಮಾತಾಗಿತ್ತು. ಆ ಕೇಂದ್ರದಲ್ಲಿ ಸಂಸ್ಕೃತಕ್ಕೆ ಕೂತ ಕನ್ನಡದವಳು ನಾನೊಬ್ಬಳೇ. ಎರಡು ಪುಟ ಕನ್ನಡ ಲಿಪಿ ಎಂದರೆ ಹೆಸರು ಬರೆದಂತೆಯೇ. ಹೊಡೆದು ಹಾಕಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಹೊಡೆದು ಹಾಕಿದರೂ ಅಕ್ಷರ ಕಾಣುತ್ತದೆ. ಕಾಣದಂತೆ ಶಾಯಿ ಬಳಿದರೆ ಅದೇ ಇನ್ನೊಂದು ಗುರುತು. ಹಾಳೆ ಹರಿಯುವಂತಿಲ್ಲ. ಸುಮ್ಮನಿದ್ದರೆ ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಎಲ್ಲೋ ದೂರದಲ್ಲಿ ಒಬ್ಬರು ಪುಸ್ತಕ ತೆರೆದಾಗ ಗೊತ್ತಾಗುತ್ತದೆ. ಆಗ ನಾನು ಉತ್ತರ ಹೇಳಲು ಅಲ್ಲಿ ಇರುವುದಿಲ್ಲ.

ಇಲ್ಲಿಯೇ, ಈಗಲೇ ಹೇಳಿಬಿಡಬೇಕು ಎಂದು ಕೊನೆಗೆ ಹೊಳೆಯಿತು. ಎದ್ದು ನಿಂತೆ. ಮೊಣಕಾಲು ಮೇಜಿಗೆ ತಾಗಿ ಸದ್ದಾಯಿತು.

ಮುಖ್ಯ ಮೇಲ್ವಿಚಾರಕರು ಬಂದು ನನ್ನ ಅಂಗೈಯನ್ನು ನೋಡಿದರು, ಆಮೇಲೆ ಅದರ ಕೆಳಗಿದ್ದದ್ದನ್ನು. ನನ್ನನ್ನು ಹೊರಗೆ ಜಗಲಿಗೆ ಕರೆದರು. ಅವರು ಆಡಿದ್ದೂ ಮಲಯಾಳವೇ.

"ಇದು ಯಾವ ಲಿಪಿ?"

"ಕನ್ನಡ ಸಾರ್."

"ನಿಯಮ ಗೊತ್ತಿಲ್ಲವಾ?"

"ಗೊತ್ತುಂಟು."

"ಗೊತ್ತಿದ್ದೂ ಯಾಕೆ ಬರೆದೆ?"

"ಗೊತ್ತಾಗಲಿಲ್ಲ ಸಾರ್."

"ಕೈ ನಿನ್ನದೇ ತಾನೇ?"

ಅವರು ನಿಯಮಗಳ ಸಣ್ಣ ಪುಸ್ತಕವನ್ನು ತರಿಸಿ, ನಿಂತಲ್ಲಿಯೇ ಹಾಳೆ ತಿರುವಿದರು. ಒಳಗೆ ನನ್ನ ಸಮಯ ಹೋಗುತ್ತಿತ್ತು. ಇದಕ್ಕೆ ಹೊಂದುವ ನಿಯಮ ಅದರಲ್ಲಿ ಇರಲಿಲ್ಲವೆಂದು ಕಾಣುತ್ತದೆ.

"ನೀನು ಹೇಳದಿದ್ದರೆ ನಾನು ನೋಡುತ್ತಿರಲಿಲ್ಲ," ಎಂದರು. "ನೋಡದಿದ್ದರೆ ವರದಿ ಬರೆಯುವ ಕೆಲಸವೂ ಇರುತ್ತಿರಲಿಲ್ಲ. ಈಗ ಬರೆಯಲೇಬೇಕು. ಅವರು ಏನು ಮಾಡುತ್ತಾರೋ ನಾನು ಹೇಳಲಾರೆ."

ತಮ್ಮೆದುರಿಗೇ ನನ್ನಿಂದ ಎರಡೂ ಪುಟಗಳಿಗೆ ಮೂಲೆಯಿಂದ ಮೂಲೆಗೆ ಗೀಟು ಹಾಕಿಸಿದರು. ಅಂಚಿನಲ್ಲಿ ತಮ್ಮ ಸಹಿ ಹಾಕಿದರು. ನಾನು ಒಳಗೆ ಹೋಗಿ ಅದೇ ಉತ್ತರವನ್ನು ನಾಗರಿಯಲ್ಲಿ ಮೊದಲಿನಿಂದ ಬರೆದೆ. ಪಂಡಿತರೂ ಇಲ್ಲ, ಸಂತೋಷವೂ ಇಲ್ಲ. ಅರ್ಧಕ್ಕೆ ಬಂದಾಗ ಗಂಟೆ ಹೊಡೆಯಿತು. ಕೊನೆಯ ಪ್ರಶ್ನೆಯನ್ನು ಮುಟ್ಟಲೇ ಇಲ್ಲ.

ಹೊರಗೆ ಅಧ್ಯಾಪಕರು ಕಾದಿದ್ದರು. ನಡೆದದ್ದನ್ನು ಹೇಳಿದೆ. ಅವರು ಕೊಡೆಯ ತುದಿಯಿಂದ ಮುರಕಲ್ಲಿನ ಒಂದು ತೂತನ್ನು ಕೆದಕುತ್ತಾ ನಿಂತರು.

"ನಾನಾಗಿದ್ದರೆ ಹೇಳುತ್ತಿರಲಿಲ್ಲ ಕುಟ್ಟೀ," ಎಂದರು ಕೊನೆಗೆ. "ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ನಾನು ಹೇಳುತ್ತಿರಲಿಲ್ಲ."

ಪದವಿನ ಮೇಲೆ ನಡೆದು ಮನೆಗೆ ಬರುವಾಗ ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಅಳು ಬಂದಿದ್ದರೆ ಚೆನ್ನಾಗಿತ್ತು, ಬರಲಿಲ್ಲ. ಅಪ್ಪ ಸಂಜೆ ಅಂಗಡಿಯಿಂದ ಬಂದು ಕಾಲು ತೊಳೆಯುವಾಗ, ನೀರು ಎರೆಯುತ್ತಾ ಎಲ್ಲವನ್ನೂ ಹೇಳಿದೆ. ಅವರು ತಲೆಯೆತ್ತದೆ ಕೇಳಿದರು.

"ಹಾಗಾದ್ರೆ ಇವತ್ತಿನದ್ದು ಹೋಯ್ತು ಅಂತಲೇ ಇಟ್ಕೊಳ್ಳುವ."

"ಗೊತ್ತಿಲ್ಲ ಅಪ್ಪ."

"ಒಂದು ಹೋದ್ರೆ ಇನ್ನೊಂದು ಇದ್ದು ಎಂತ ಪ್ರಯೋಜನ? ನಾಳೆ ಮತ್ತೆ ಹೋಗಿ ಆ ಮನುಷ್ಯನ ಎದುರು ಕೂತ್ಕೊಳ್ಬೇಕಾ ನೀನು? ಬೇಡದಿದ್ರೆ ಬೇಡ ಮಗಳೇ. ನಾನು ಏನೂ ಹೇಳುದಿಲ್ಲ."

ಅಪ್ಪ ದಯೆಯಿಂದಲೇ ಹೇಳಿದರು. ಆ ದಯೆಯನ್ನು ತೆಗೆದುಕೊಂಡರೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು, ಹೆದರಿಕೆ ಕೂಡ. ನಾನು ಚೆಂಬನ್ನು ಕಟ್ಟೆಯ ಮೇಲಿಟ್ಟೆ.

ಫಲಿತಾಂಶವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮಳೆಗಾಲ ಹಿಡಿದ ಮೇಲೆ ಅದು ಬಂತು, ನಾನು ಪಾಸಾಗಿದ್ದೆ. ಮೊದಲನೆಯ ಪತ್ರಿಕೆಯಲ್ಲಿ ಬೇಕಾದಷ್ಟಕ್ಕಿಂತ ಸ್ವಲ್ಪವೇ ಹೆಚ್ಚು. ವರದಿಯ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಅಂಚಿನ ಸಹಿ ನನ್ನನ್ನು ಉಳಿಸಿತೋ, ಪುಸ್ತಕ ತೆರೆದವರು ಆ ಪುಟಗಳನ್ನು ಗಮನಿಸದೆ ಮುಂದೆ ಹೋದರೋ, ಅಥವಾ ಅವರಿಗೂ ಕನ್ನಡ ಓದಲು ಬರುತ್ತಿತ್ತೋ, ನನಗೆ ತಿಳಿದಿಲ್ಲ. ಮಾವ ಸುದ್ದಿ ಕೇಳಿ, "ನಿನ್ನ ಪಾಸು ನಿನಗೆ. ನಮಗೆ ಅರ್ಜಿ ಹಾಕ್ಲಿಕ್ಕೆ ಇನ್ನೊಬ್ಬ ಸಿಗ್ತಾನೆ," ಎಂದರು. ಪಾಸಾದವರಿಗೆ ಆಮೇಲೆ ಎಲ್ಲವೂ ಹಾಗೆಯೇ ಆಗಬೇಕಿತ್ತು ಎಂದು ತೋರುತ್ತದೆ. ಆ ದಿನ ಹಾಗೆ ಇರಲಿಲ್ಲ.

ಮರುದಿನ ಬೆಳಗ್ಗೆ ಸ್ನಾನ ಮಾಡಿ, ಗಂಜಿ ಕುಡಿದು, ಎರಡು ಲೇಖನಿಗಳಿಗೆ ಶಾಯಿ ತುಂಬಿಸಿ ಹೊರಟೆ. ಅಪ್ಪ ಜಗಲಿಯಲ್ಲಿ ಕೂತಿದ್ದರು. "ಹೋಗ್ತೀಯಾ?" ಎಂದರು. "ಹೋಗಿ ಬರ್ತೇನೆ," ಎಂದೆ. ಅವರು ಚಪ್ಪಲಿ ಹಾಕಿಕೊಂಡು ಪದವಿನ ಅಂಚಿನವರೆಗೆ ಜೊತೆಗೆ ಬಂದರು, ಅಲ್ಲಿಂದ ಅಂಗಡಿಯ ಕಡೆಗೆ ತಿರುಗಿದರು.

ಉತ್ತರಪುಸ್ತಕ ಕೊಡುವಾಗ ಮುಖ್ಯ ಮೇಲ್ವಿಚಾರಕರು ನನ್ನನ್ನು ಗುರುತಿಸಿದರು. ಪ್ರಶ್ನಪತ್ರಿಕೆ ಬಂತು. ನಾನು ಅದನ್ನು ಓದಲಿಲ್ಲ, ಮಗುಚಿ ಪಕ್ಕಕ್ಕಿಟ್ಟೆ. ನಾಗರಿಯ ಅಕ್ಷರಗಳು ಮೇಲಿನ ಗೆರೆಯಿಂದ ಇಳಿಬಿದ್ದಿರುತ್ತವೆ. ನಮ್ಮ ಅಕ್ಷರಗಳಿಗೆ ಆ ಗೆರೆ ಇಲ್ಲ, ಅವು ಹಾಳೆಯ ಮೇಲೆ ಸುಮ್ಮನೆ ಕೂತಿರುತ್ತವೆ. ಎಲ್ಲರೂ ಮಾಡುವಂತೆ ನಾನೂ ಅದುವರೆಗೆ ಪದ ಬರೆದು ಮುಗಿಸಿ ಮೇಲೆ ಗೆರೆ ಎಳೆಯುತ್ತಿದ್ದೆ. ಆ ಬೆಳಗ್ಗೆ ಒಂದು ಅಕ್ಷರವನ್ನೂ ಬರೆಯದೆ, ಪುಸ್ತಕದ ಪುಟದಿಂದ ಪುಟಕ್ಕೆ, ಸಾಲಿನಿಂದ ಸಾಲಿಗೆ, ಈ ಅಂಚಿನಿಂದ ಆ ಅಂಚಿನವರೆಗೆ ಬರಿಯ ಗೆರೆಗಳನ್ನು ಎಳೆಯತೊಡಗಿದೆ. ಗೆರೆ ಮೊದಲೇ ಇದ್ದರೆ ಕೈ ಮರೆತರೂ ಕನ್ನಡದ ಅಕ್ಷರಕ್ಕೆ ಅಲ್ಲಿ ಕೂರಲು ಜಾಗವಿರುವುದಿಲ್ಲ. ಮುಂದಿನ ಬೆಂಚಿನವರು ಆಗಲೇ ಬರೆಯುತ್ತಿದ್ದರು. ಮೇಲ್ವಿಚಾರಕರು ಬಂದು ನನ್ನ ಪಕ್ಕದಲ್ಲಿ ನಿಂತರು.

"ಏನು ಮಾಡುತ್ತಿದ್ದೀ?"

"ಗೆರೆ ಎಳೆಯುತ್ತಿದ್ದೇನೆ ಸಾರ್."

"ಬರೆಯುವುದು ಯಾವಾಗ?"

"ಇದಾದ ಮೇಲೆ."

ಅವರು ಮುಂದೆ ನಡೆದರು. ಗೆರೆಗಳು ಒಣಗಿದ ಮೇಲೆ ಪ್ರಶ್ನಪತ್ರಿಕೆಯನ್ನು ಮಗುಚಿದೆ. ಮೊದಲನೆಯ ಪ್ರಶ್ನೆ ನನಗೆ ಬಹಳ ಚೆನ್ನಾಗಿ ಗೊತ್ತಿತ್ತು. ಅದನ್ನು ಕೊನೆಗೆ ಇಟ್ಟುಕೊಂಡು, ಅರೆಬರೆ ಗೊತ್ತಿದ್ದ ಎರಡನೆಯದರಿಂದ ಬರೆಯಲು ಶುರುಮಾಡಿದೆ.